ಹಸಿರು ಬಾಗಿಲ ಪಕ್ಕದ ಮೊಳೆ

ಸೆಪ್ಟೆಂಬರ್ 9

ಇವತ್ತು ಸಚಿವಾಲಯದ ಮೆಟ್ಟಿಲ ಮೇಲೆ ಅರ್ಧ ರೊಟ್ಟಿ ಬಿದ್ದಿತ್ತು. ಯಾರದೋ ಕೈಚೀಲದಿಂದ ಜಾರಿರಬೇಕು. ನನ್ನ ಮುಂದೆ ಟೈ ಕಟ್ಟಿದ ಗಂಡಸರು ಹೋಗುತ್ತಿದ್ದರು. ಒಬ್ಬ ದಾಟಿದ, ಒಬ್ಬ ಬಳಸಿ ಹೋದ, ಇನ್ನೊಬ್ಬನ ಬೂಟು ಅದರ ತುದಿಯನ್ನು ಮೆಟ್ಟಿಯೇ ಬಿಟ್ಟಿತು. ಅವನಿಗೆ ಗೊತ್ತೂ ಆಗಲಿಲ್ಲ. ನಾನು ಬಗ್ಗಿ ಎತ್ತಿಕೊಂಡೆ. ಧೂಳು ಒರೆಸಿ, ತುಟಿಗೆ ಮುಟ್ಟಿಸಿ, ಹಣೆಗೆ ಒತ್ತಿಕೊಂಡು, ಕಾಲಿಗೆ ಸಿಗದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟೆ.

"ಅಲ್ಲಿ ಇಡಬೇಡಮ್ಮ, ಇರುವೆ ಬರ್ತವೆ" ಎಂದು ಹಿಂದಿನಿಂದ ಧ್ವನಿ ಬಂತು. ಮಾದಾಮ್ ನಜ್ವಾ, ಸಚಿವರ ಕಚೇರಿಯ ಮುಖ್ಯಸ್ಥೆ. ನಾನು ಕೆಲಸಕ್ಕೆ ಸೇರಿ ಒಂದು ವಾರವಾಯಿತು. ಅವರು ನನ್ನ ಜೊತೆ ಆಡಿದ ಮೊದಲ ಮಾತು ಇದು.

ನನಗೆ ಹೇಳಬೇಕಾದ ಮಾತು ಹೊಳೆಯುವುದು ಮನೆಗೆ ಬಂದು ಈ ಪುಸ್ತಕ ತೆರೆದ ಮೇಲೆಯೇ. ಈಗ ಹೇಳುತ್ತೇನೆ: ರೊಟ್ಟಿ ನೆಲದ ಮೇಲೆ ಬಿದ್ದಿದ್ದಾಗ ಇರುವೆಯ ಚಿಂತೆ ಮಾಡುವ ಹೆಂಗಸಿನ ಕೈಗೆ ಜನರ ಊಟದ ಕಡತಗಳನ್ನು ಕೊಟ್ಟವರು ಯಾರು? ಅವರ ತಾಯಿ ಅವರಿಗೆ ಏನನ್ನೂ ಕಲಿಸಲಿಲ್ಲವೇ? ಬಸ್ಸಿನಲ್ಲಿ ಬರುವಾಗ ಕೋಪಕ್ಕೆ ನನ್ನ ಕಿವಿಗಳು ಬಿಸಿಯಾಗಿದ್ದವು.

ಕೆಲಸದ ಬಗ್ಗೆ ನನಗೆ ದೂರಿಲ್ಲ. ಸಾಹಿತ್ಯದ ಪದವಿ ಹಿಡಿದು ಎರಡು ವರ್ಷ ಮನೆಯಲ್ಲಿ ಕೂತವಳಿಗೆ ಸಚಿವರ ಭಾಷಣಗಳ ಅರಬಿಯನ್ನು ತಿದ್ದುವ ಕೆಲಸ ಸಿಕ್ಕಿದೆ. ಸಚಿವರು, ಎಲ್ಲರೂ ಗೌರವದಿಂದ 'ಸೀ' ಸೇರಿಸಿ ಕರೆಯುವ ಸೀ ಶಾಕಿರ್ ಮಹರ್ಸಿ, ಅರ್ಥಶಾಸ್ತ್ರಜ್ಞರು. ಇಪ್ಪತ್ತಾರು ವರ್ಷ ಹೊರದೇಶದ ಬ್ಯಾಂಕಿನಲ್ಲಿದ್ದು ಈ ಬೇಸಿಗೆಯಲ್ಲಿ ಸಚಿವರಾಗಿ ಟ್ಯೂನಿಸಿಗೆ ಮರಳಿದವರು. ಅವರ ವಾಕ್ಯಗಳು ಈಗ ತಾನೇ ವಿಮಾನದಿಂದ ಇಳಿದು ಪೆಟ್ಟಿಗೆಗಾಗಿ ಕಾಯುತ್ತಿರುವಂತೆ ಕಾಣುತ್ತವೆ.

ಅಪ್ಪ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದ. ಅಂಚೆ ಕಚೇರಿಯಲ್ಲಿದ್ದ ಅಪ್ಪ ಒಮ್ಮೆ ಕಾರ್ಮಿಕ ಸಂಘದ ಸಭೆಯಲ್ಲಿ ತರುಣ ಪ್ರೊಫೆಸರ್ ಶಾಕಿರ್ ಅವರ ಮಾತು ಕೇಳಿ ಬಂದಿದ್ದ. ಆಮೇಲೆ ಸಾಯುವವರೆಗೂ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ: "ಅಗ್ಗದ ರೊಟ್ಟಿ ಅನ್ನೋದು ದಾನ ಅಲ್ಲ ಕಣ್ರೋ, ಅದು ನಮ್ಮ ಸಂಬಳದ ಇನ್ನರ್ಧ. ಅವರು ಕೊಡದೆ ಉಳಿಸಿಕೊಂಡ ಅರ್ಧ. ಇದು ನನ್ನ ಮಾತಲ್ಲ, ಪ್ರೊಫೆಸರ್ ಶಾಕಿರ್ ಹೇಳಿದ್ದು."

ಸೆಪ್ಟೆಂಬರ್ 17

ಸಚಿವರು ಇವತ್ತು ನನ್ನನ್ನು ಒಳಗೆ ಕರೆಸಿ ತಾವೇ ಕಾಫಿ ಬಗ್ಗಿಸಿ ಕೊಟ್ಟರು. ತೆಗೆದುಕೊಳ್ಳುವಾಗ ತಟ್ಟೆಗೆ ಚೆಲ್ಲಿದೆ. ಅವರು ನೋಡದವರಂತೆ ಕಿಟಕಿಯ ಕಡೆ ತಿರುಗಿದರು. ಅದು ನನಗೆ ಇಷ್ಟವಾಯಿತು.

"ನನ್ನ ಭಾಷಣ ಹೇಗಿದೆ, ಉಲ್ಫಾ? ನಿಜ ಹೇಳಿ."

"ಚೆನ್ನಾಗಿದೆ, ಸೀ ಶಾಕಿರ್."

"ಚೆನ್ನಾಗಿದ್ರೆ ನಿಮಗ್ಯಾಕೆ ಸಂಬಳ ಕೊಡಲಿ?"

ನಗು ಬಂತು. ಆ ನಗುವಿನಲ್ಲೇ ಧೈರ್ಯ ಬಂದು ಅಪ್ಪನ ವಿಷಯ ಹೇಳಿದೆ, ಸಂಘದ ಸಭೆ, ಸಂಬಳದ ಇನ್ನರ್ಧ, ಎಲ್ಲ. ಅವರು ಕಾಫಿ ಲೋಟವನ್ನು ಕೆಳಗಿಟ್ಟರು.

"ನಿಮ್ಮ ತಂದೆ ಅಷ್ಟು ವರ್ಷ ನೆನಪಿಟ್ಟುಕೊಂಡಿದ್ರಾ?"

"ದಿನಾ ಹೇಳ್ತಿದ್ರು."

"ಆಗ ನನ್ನ ಕೈಯಲ್ಲಿ ಒಂದು ಸೀಮೆಸುಣ್ಣ ಬಿಟ್ಟರೆ ಏನೂ ಇರಲಿಲ್ಲ" ಎಂದರು. ಆಮೇಲೆ ಕೆಲಸದ ಮಾತಿಗೆ ಹೋದರು.

ಒಳ್ಳೆಯ ಮನುಷ್ಯ. ಸುತ್ತಲಿನವರು ಸರಿಯಿಲ್ಲ.

ಅಕ್ಟೋಬರ್ 3

ಬರೆಯಲು ಕೂತಿದ್ದೇನೆ, ಪೆನ್ನನ್ನು ಕಾಗದ ಹರಿಯುವಷ್ಟು ಒತ್ತುತ್ತಿದ್ದೇನೆ.

ಇವತ್ತು ದೊಡ್ಡ ಸಭೆ. ರೊಟ್ಟಿಯ ಸಬ್ಸಿಡಿ ಕಡಿಮೆ ಮಾಡುವ ಯೋಜನೆ. ಮಾದಾಮ್ ನಜ್ವಾ ದೀಪ ಆರಿಸಿ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಬೇಲಿಗೆ ತೂಗಿದ ಒಣ ರೊಟ್ಟಿಯ ಚೀಲ. ಮರದ ಕೊಂಬೆಗೆ ಚೀಲ. ಕಸದ ತೊಟ್ಟಿಯ ಹಿಡಿಗೆ ಚೀಲ. "ಜನ ಹೇಗೆ ಎಸೀತಾರೆ ನೋಡಿ. ಅಗ್ಗ ಆದದ್ದಕ್ಕೆ ಬೆಲೆ ಇಲ್ಲ" ಎಂದರು. ಮುಂದಿನ ಚಿತ್ರ: ಹಸಿರು ಬಾಗಿಲು, ಅದರ ಬಲಕ್ಕೆ ಮೊಳೆ, ಮೊಳೆಗೆ ನೀಲಿ ಚೀಲ.

ನಮ್ಮ ಮನೆ. ನಮ್ಮ ಬಾಗಿಲು. ಆ ಹಸಿರು ಬಣ್ಣ ಹಚ್ಚಿದ್ದು ಅಪ್ಪ. ಆ ಚೀಲ ಅಮ್ಮನದು.

ಅದು ಎಸೆದದ್ದಲ್ಲ. ಎಸೆಯಬಾರದು ಎಂದೇ ತೂಗುಹಾಕಿದ್ದು. ರೊಟ್ಟಿ ಕಸದ ಜೊತೆ ಸೇರಬಾರದೆಂದು ಈ ಊರಿನ ಪ್ರತಿ ಹೆಂಗಸೂ ಉಳಿದ ತುಂಡುಗಳನ್ನು ಬೇರೆ ಚೀಲದಲ್ಲಿ ಕಟ್ಟಿ ಬಾಗಿಲಲ್ಲಿ ತೂಗುತ್ತಾಳೆ. ಕುರಿ ಸಾಕುವ ಬಲ್ಗಾಸಿಮ್ ಚಿಕ್ಕಪ್ಪ ಕತ್ತೆಗಾಡಿ ಹೊಡೆದುಕೊಂಡು ಬಂದು ಒಯ್ಯುತ್ತಾನೆ. ಮೇಜಿನ ಸುತ್ತ ಕೂತವರೆಲ್ಲ ಇದೇ ಊರಿನಲ್ಲಿ ಹುಟ್ಟಿದವರು. ಎಲ್ಲರ ತಾಯಂದಿರೂ ಹೀಗೇ ತೂಗಿದವರು. ಎಲ್ಲರಿಗೂ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ತಲೆ ಆಡಿಸಿದರು, ನಿಟ್ಟುಸಿರಿಟ್ಟರು, ಒಬ್ಬ ನಾಲಿಗೆ ಲೊಚಗುಟ್ಟಿದ. ಹೇಡಿಗಳು.

ನಾನೂ ಸುಮ್ಮನಿದ್ದೆ. ಆದರೆ ನಾನು ಗೋಡೆಗೆ ಒತ್ತಿದ ಕುರ್ಚಿಯಲ್ಲಿ ಕೂತಿದ್ದವಳು, ಬರೆದುಕೊಳ್ಳಲು ಹೋದವಳು. ನನ್ನದು ಬೇರೆ.

ಅಕ್ಟೋಬರ್ 4

ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ ಅಮ್ಮ ಚೀಲ ಕಟ್ಟುತ್ತಿದ್ದಳು. ಒಂದೊಂದು ತುಂಡನ್ನೂ ತುಟಿಗೆ ಮುಟ್ಟಿಸಿ, ಎಂದಿನಂತೆ ಅದರ ಜೊತೆ ಮಾತಾಡಿದಳು: "ಮುನಿಸ್ಕೋಬೇಡ, ತಿನ್ನೋರ ಹತ್ರಾನೇ ಕಳಿಸ್ತಿದ್ದೀನಿ." ನಾನು ಹುಟ್ಟಿದಾಗಿನಿಂದ ಕೇಳುತ್ತಿರುವ ಮಾತು. ಅಮ್ಮನ ಹೊರತು ಬೇರೆ ಯಾರ ಬಾಯಲ್ಲೂ ಕೇಳಿಲ್ಲ.

ತಮ್ಮ ಅನೀಸ್ ಬಾಡಿಗೆ ವ್ಯಾನು ಓಡಿಸುತ್ತಾನೆ. ಕೀಲಿ ತಿರುಗಿಸುತ್ತಾ ಕೇಳಿದ, "ಏನಕ್ಕ, ಮುಖ ಬಾಡಿದೆ? ಸರ್ಕಾರ ಬಿತ್ತಾ?"

"ಸುಮ್ನಿರೋ."

"ಬಿದ್ರೆ ಮೊದ್ಲೇ ಹೇಳು, ಟ್ಯಾಂಕ್ ತುಂಬಿಸ್ಕೋತೀನಿ."

ಅಕ್ಟೋಬರ್ 8

ಹೇಳಿದೆ. ಸಚಿವರಿಗೇ ಹೇಳಿದೆ. ಮಾದಾಮ್ ನಜ್ವಾ ಹೊರಗೆ ಹೋಗುವುದನ್ನೇ ಕಾಯುತ್ತಿದ್ದು, ಬಾಗಿಲು ಮುಚ್ಚಿ, ನೆಲ ನೋಡಿಕೊಂಡು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಚೀಲ, ಮೊಳೆ, ಬಲ್ಗಾಸಿಮ್ ಚಿಕ್ಕಪ್ಪ. ಅದು ನಮ್ಮ ಮನೆ ಎಂಬುದನ್ನು ಮಾತ್ರ ಹೇಳಲಿಲ್ಲ. "ನನಗೆ ಗೊತ್ತಿರೋ ಒಬ್ಬ ತಾಯಿ" ಎಂದೆ. ಅವಳು ರೊಟ್ಟಿಗೆ ಹೇಳುವ ಮಾತನ್ನೂ ಹೇಳಿದೆ.

ಅವರು ಕನ್ನಡಕ ತೆಗೆದರು. "ನನ್ನ ಅಜ್ಜಿಯೂ ತೂಗ್ತಿದ್ದಳು. ಮರೆತೇಹೋಗಿತ್ತು ನೋಡಿ." ಅವರ ಕಣ್ಣು ಒದ್ದೆಯಾಗಿತ್ತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ಕನ್ನಡಕ ಹಾಕಿಕೊಂಡರು.

"ಅಂದ್ರೆ ರೊಟ್ಟಿ ಕಸಕ್ಕೆ ಹೋಗ್ತಿಲ್ಲ."

"ಇಲ್ಲ, ಸೀ ಶಾಕಿರ್."

"ಕುರಿಗೆ ಹೋಗ್ತಿದೆ."

"ಹೌದು."

"ಡಾಲರ್ ಕೊಟ್ಟು ಹಡಗಿನಲ್ಲಿ ಗೋಧಿ ತರಿಸ್ತೀವಿ, ಸಾಲ ಮಾಡಿ ಅದನ್ನ ಅಗ್ಗ ಮಾಡ್ತೀವಿ, ಕೊನೆಗೆ ಕುರಿ ತಿನ್ನುತ್ತೆ." ಅವರು ಎದ್ದು ಓಡಾಡತೊಡಗಿದರು. "ಉಲ್ಫಾ, ಇದು ಕಸಕ್ಕಿಂತ ದೊಡ್ಡ ವಾದ. ಕಸ ಅಂದ್ರೆ ಜನಕ್ಕೆ ಸಿಟ್ಟು ಬರುತ್ತೆ. ಇದ್ರಲ್ಲಿ ಪ್ರೀತಿ ಇದೆ. ಬರೀರಿ ಇದನ್ನ. ಆ ತಾಯಿ, ಆ ಮಾತು, ಹಾಗೇ ಬರೀರಿ."

ಹೊರಗೆ ಬಂದಾಗ ಮೋಸಹೋದಂತೆ ಅನಿಸಿತು. ನಾನು ಒಂದು ಹೇಳಲು ಹೋದರೆ ಅವರು ಇನ್ನೊಂದನ್ನು ಎತ್ತಿಕೊಂಡರು. ಅರ್ಥಶಾಸ್ತ್ರಜ್ಞರ ಕೈಗೆ ಏನು ಕೊಟ್ಟರೂ ಅವರು ಅದರ ತೂಕವನ್ನೇ ನೋಡುವುದು. ಬರೆಯುವುದಿಲ್ಲ ಎಂದು ನಿರ್ಧರಿಸಿ ಕೂತೆ.

ಸಂಜೆಯ ಹೊತ್ತಿಗೆ ಬರೆದೆ. ಬೇರೆ ಯಾರಾದರೂ ಕೆಟ್ಟದಾಗಿ ಬರೆಯುವುದಕ್ಕಿಂತ ನಾನೇ ಬರೆಯುವುದು ಮೇಲಲ್ಲವೇ? ಕನಿಷ್ಠ ಅಮ್ಮನ ಮಾತು ಕೆಡದಂತೆ ನೋಡಿಕೊಂಡೆ. ಆ ಪರಿಚ್ಛೇದ ಚೆನ್ನಾಗಿ ಬಂದಿದೆ.

ನವೆಂಬರ್ 2

ಕಿಟಕಿ ಪಕ್ಕದ ಮೇಜು ಕೊಟ್ಟಿದ್ದಾರೆ. ಮಾದಾಮ್ ನಜ್ವಾ ನನ್ನ ಹೆಸರು ಕಲಿತಿದ್ದಾರೆ.

ಅಂಕಿಅಂಶ ವಿಭಾಗದವರು ನನ್ನ ಪರಿಚ್ಛೇದದಿಂದ ತಾಯಿಯನ್ನು ತೆಗೆಯಬೇಕೆಂದು ಗಲಾಟೆ ಮಾಡಿದರು. ಅವರಿಗೆ ಓದಲು ಬರುವುದು ಕೋಷ್ಟಕ ಮಾತ್ರ. ಒಂದು ವಾಕ್ಯಕ್ಕೆ ಉಸಿರು ಇರುತ್ತದೆ, ಅದನ್ನು ಕತ್ತರಿಸಿದರೆ ಸಾಯುತ್ತದೆ ಎಂದು ಎಲ್ಲರ ಮುಂದೆ ಹೇಳಿಬಿಟ್ಟೆ. ನಾನು. ಸಭೆಯಲ್ಲಿ. ಸಚಿವರು ಮೇಜು ಕುಟ್ಟಿ, "ತಾಯಿ ಇರ್ತಾಳೆ" ಎಂದರು.

ಮನೆಗೆ ಬಂದರೆ ಅಮ್ಮ ಬೀನ್ಸ್ ಸಾರು ಮಾಡಿಟ್ಟಿದ್ದಳು. ಹಸಿವಿರಲಿಲ್ಲ. ಕಚೇರಿಯಲ್ಲಿ ತಿಂದಿದ್ದೆ.

ನವೆಂಬರ್ 21

ಭಾಷಣ ಟಿವಿಯಲ್ಲಿ ಬಂತು. ಎಂಟು ಗಂಟೆಯ ಸುದ್ದಿಯ ನಂತರ. ಅಮ್ಮ, ಅನೀಸ್, ನಾನು. ಅಮ್ಮ ಕುಂಬಳಬೀಜದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸಿದ್ಧವಾಗಿದ್ದಳು. "ನಿಮ್ಮಪ್ಪ ಕೇಳಿದ ಪ್ರೊಫೆಸರ್ ಇವನೇನಾ? ಕೂದಲು ಉದುರಿದೆ ಪಾಪ."

ಸೀ ಶಾಕಿರ್ ಚೆನ್ನಾಗಿ ಮಾತಾಡಿದರು. ನಾನು ಗುರುತು ಹಾಕಿಕೊಟ್ಟ ಕಡೆಯಲ್ಲೆಲ್ಲ ಉಸಿರು ತೆಗೆದುಕೊಂಡರು. ನಾನು ತುಟಿಯೊಳಗೇ ಅವರ ಜೊತೆ ಹೇಳುತ್ತಾ ಹೋದೆ. ಆಗ ಹಿಂದಿನ ಪರದೆಯ ಮೇಲೆ ಚಿತ್ರ ಬಂತು. ಹಸಿರು ಬಾಗಿಲು.

"ಅರೆ" ಎಂದ ಅನೀಸ್. "ಅಮ್ಮ, ನಿನ್ನ ಚೀಲ ಟಿವಿಲಿ ಬಂತು. ಮುಂದಿನ ವಾರ ಸಿನಿಮಾ."

ಅಮ್ಮ ನಕ್ಕಳು. ಇನ್ನೂ ನಗುತ್ತಿರುವಾಗಲೇ ಸಚಿವರು ಹೇಳಿದರು: "ನಮ್ಮ ತಾಯಂದಿರು ರೊಟ್ಟಿಯನ್ನು ಮುದ್ದಿಸಿ ಚೀಲಕ್ಕೆ ಹಾಕುತ್ತಾರೆ. ಮುನಿಸ್ಕೋಬೇಡ, ತಿನ್ನೋರ ಹತ್ರಾನೇ ಕಳಿಸ್ತಿದ್ದೀನಿ, ಎನ್ನುತ್ತಾರೆ. ಆ ತಿನ್ನುವವರು ಯಾರು? ಕುರಿಗಳು. ಈ ದೇಶ ಸಾಲ ಮಾಡಿ ಸಾಕುತ್ತಿರುವುದು ಬಡವರನ್ನಲ್ಲ, ಕುರಿಗಳನ್ನು."

ತಟ್ಟೆಯಲ್ಲಿ ಅಮ್ಮನ ಕೈ ನಿಂತಿತು. ಟಿವಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದಳು. ಅನೀಸ್ ಕೇಳಿದ, "ಈ ಮಾತು ಆ ಮನುಷ್ಯಂಗೆ ಯಾರು ಹೇಳಿದ್ರು?"

ನನಗೆ ಸಿಟ್ಟು ಬಂದಿರುವುದು ವಾಹಿನಿಯವರ ಮೇಲೆ. ಇಷ್ಟು ಚಿತ್ರಗಳಿದ್ದವು, ಬೇಲಿ ಇತ್ತು, ಮರ ಇತ್ತು. ನಮ್ಮ ಬಾಗಿಲೇ ಬೇಕಾಗಿತ್ತೇ? ಕನಿಷ್ಠ ಮಬ್ಬು ಮಾಡಬಹುದಿತ್ತು. ನಾಳೆ ಲಿಖಿತವಾಗಿ ದೂರು ಕೊಡುತ್ತೇನೆ.

ನವೆಂಬರ್ 22

ಮೊಳೆ ಖಾಲಿ. ಅಮ್ಮ ಚೀಲ ತೆಗೆದಿದ್ದಾಳೆ. ಒಳ್ಳೆಯದೇ ಆಯಿತು.

ದೂರು ಕೊಡಲು ಸಮಯವಾಗಲಿಲ್ಲ. ಭಾಷಣದ ಬಗ್ಗೆ ಪತ್ರಿಕೆಗಳು ಒಳ್ಳೆಯದು ಬರೆದಿವೆ. ಒಂದರಲ್ಲಿ "ಸಾಹಿತ್ಯದ ಸೊಬಗು" ಎಂಬ ಮಾತಿದೆ.

ಡಿಸೆಂಬರ್ 10

ಅಭಿಯಾನ ಆರಂಭವಾಗಿದೆ. ನಮ್ಮ ಪೋಸ್ಟರುಗಳು ಎಲ್ಲ ಬಸ್ ನಿಲ್ದಾಣಗಳಲ್ಲೂ ಇವೆ. ಹಸಿರು ಬಾಗಿಲು, ನೀಲಿ ಚೀಲ, ಕೆಳಗೆ ದಪ್ಪ ಅಕ್ಷರದಲ್ಲಿ "ಇದು ಯಾರ ರೊಟ್ಟಿ?" ಪ್ರಶ್ನೆ ನನ್ನದು.

ಪರಿಣಾಮವೂ ಕಾಣುತ್ತಿದೆ. ನಮ್ಮ ಬೀದಿಯಲ್ಲಿ ಒಂದು ಚೀಲವೂ ತೂಗುತ್ತಿಲ್ಲ. ಯಾರಾದರೂ ಫೋಟೋ ಹಿಡಿದಾರೆಂದು ಹೆಂಗಸರು ನಾಚಿಕೊಂಡಿದ್ದಾರಂತೆ. ಇಂದು ರಜೆ, ಮನೆಯಲ್ಲಿದ್ದೆ. ಬಲ್ಗಾಸಿಮ್ ಚಿಕ್ಕಪ್ಪ ಖಾಲಿ ಗಾಡಿಯಲ್ಲಿ ಬಂದು ಬಾಗಿಲಲ್ಲಿ ನಿಂತ.

"ಮಬ್ರೂಕಾ, ನನ್ನ ಮೇಲೆ ಸಿಟ್ಟೇನು?" ಎಂದು ಅಮ್ಮನನ್ನು ಕೇಳಿದ.

"ನಿನ್ನ ಮೇಲೆ ಯಾಕೆ ಸಿಟ್ಟು, ಅಣ್ಣ?"

"ಮತ್ತೆ ಇಡೀ ಬೀದಿ ನಂಗೆ ಬೆನ್ನು ತಿರುಗಿಸಿದೆ. ಕುರಿ ಹೊಟ್ಟೆಗೆ ಏನೋ ಮಾಡ್ತೀನಿ ಬಿಡು. ನೀವು ಉಳಿದ ರೊಟ್ಟಿ ಎಲ್ಲಿಡ್ತೀರಿ? ಅದನ್ನ ಹೇಳು."

ಪಕ್ಕದ ಮನೆಯ ಸುಆದ್ ಅತ್ತೆ ತನ್ನ ಬಾಗಿಲ ಹಿಂದಿನಿಂದಲೇ, "ಕಪ್ಪು ಚೀಲದಲ್ಲಿ ಕಟ್ಟಿ ಕಸದ ತಳಕ್ಕೆ ತುರುಕ್ತೀವಿ, ಅಣ್ಣ. ದೇವರು ಕ್ಷಮಿಸಲಿ" ಎಂದು ಬಾಗಿಲು ಹಾಕಿಕೊಂಡಳು.

ಕತ್ತೆ ಮಾತ್ರ ಹೊರಡಲು ಒಪ್ಪಲಿಲ್ಲ. ಅಭ್ಯಾಸಬಲದಿಂದ ಖಾಲಿ ಮೊಳೆಯ ಕೆಳಗೇ ನಿಂತಿತ್ತು.

ಡಿಸೆಂಬರ್ 19

ನಗರಸಭೆಯ ಹೊಸ ವರದಿ ಬಂದಿದೆ. ಕಸದಲ್ಲಿ ರೊಟ್ಟಿಯ ಪ್ರಮಾಣ ಒಂದೇ ತಿಂಗಳಲ್ಲಿ ದುಪ್ಪಟ್ಟಾಗಿದೆ. ಅಂದರೆ ನಾವು ಹೇಳಿದ್ದೇ ನಿಜವಾಯಿತು. ಜನ ಎಸೆಯುತ್ತಾರೆ. ಮೊದಲು ಅಷ್ಟೊಂದು ಸಿಟ್ಟು ಮಾಡಿಕೊಂಡು ಸಚಿವರಿಗೆ ಪಾಠ ಹೇಳಲು ಹೋಗಿದ್ದೆನಲ್ಲ, ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮಾದಾಮ್ ನಜ್ವಾ ವರದಿಯನ್ನು ನನ್ನ ಮೇಜಿನ ಮೇಲಿಟ್ಟು, "ಭಾಷಣಕ್ಕೆ ಸೇರಿಸು" ಎಂದರು. ಸೇರಿಸಿದೆ.

ಅಮ್ಮನ ಹಟ ಬೇರೆ. ಅವಳು ಕಸಕ್ಕೆ ಹಾಕುವುದಿಲ್ಲ, ತೂಗುವುದೂ ಇಲ್ಲ. ಶುಕ್ರವಾರಕ್ಕೊಮ್ಮೆ ಚೀಲವನ್ನು ದಪ್ಪ ಬಟ್ಟೆಯೊಳಗೆ ಸುತ್ತಿ, ಆ ಮಂಡಿನೋವಿನಲ್ಲಿ ಸೀಜೂಮಿ ಕೆರೆಯ ದಂಡೆಯವರೆಗೆ ನಡೆದು, ಬಲ್ಗಾಸಿಮ್ ಚಿಕ್ಕಪ್ಪನ ಕುರಿದೊಡ್ಡಿಗೆ ತಲುಪಿಸಿ ಬರುತ್ತಾಳೆ. ಅನೀಸ್ ವ್ಯಾನಿನಲ್ಲಿ ಬಿಡುತ್ತೇನೆಂದರೂ ಬೇಡವಂತೆ.

"ಯಾರಿಗೆ ತೋರಿಸೋದಕ್ಕೆ ಇದೆಲ್ಲ?" ಎಂದು ಕೇಳಿಯೇಬಿಟ್ಟೆ.

"ಯಾರಿಗೂ ತೋರಿಸಬಾರದು ಅಂತಾನೇ ನಡೀತೀನಿ" ಎಂದಳು.



ಜನವರಿ 6

ನಿನ್ನೆ ಹೊಸ ಬೆಲೆ ಪ್ರಕಟವಾಯಿತು. ಇವತ್ತು ಬೀದಿಗಳೆಲ್ಲ ಜನ.

ಸಚಿವಾಲಯದಿಂದ ಹೊರಗೆ ಬಿಡಲಿಲ್ಲ. ಕಿಟಕಿಯಿಂದ ನೋಡಿದೆ. ಬೇಕರಿಯ ಉದ್ದನೆಯ ಗಟ್ಟಿ ರೊಟ್ಟಿಗಳನ್ನು ಬಂದೂಕಿನಂತೆ ಹೆಗಲಿಗೇರಿಸಿಕೊಂಡಿದ್ದರು, ಕೋಲಿನ ತುದಿಗೆ ಚುಚ್ಚಿ ಕುಣಿಸುತ್ತಿದ್ದರು. ರೊಟ್ಟಿಗೆ ಇವರು ಕೊಡುವ ಮರ್ಯಾದೆ ಇದೇನು? ಯಾವ ಶಾಲೆಗೆ ಹೋದರು ಇವರೆಲ್ಲ? ನೆರವಿನ ಹಣ ನೇರವಾಗಿ ಬಡ ಕುಟುಂಬಗಳಿಗೆ ತಲುಪುತ್ತದೆ ಎಂದು ಎಷ್ಟು ಸರಳವಾದ ಅರಬಿಯಲ್ಲಿ ಬರೆದಿದ್ದೆ. ಒಂದು ಕಷ್ಟಪದವಿಲ್ಲ. ಓದುವ ತಾಳ್ಮೆಯೇ ಇಲ್ಲದವರಿಗೆ ಯಾರು ಏನು ವಿವರಿಸಬೇಕು?

ಕಚೇರಿಯ ಕಾರು ಮನೆಯವರೆಗೆ ಬಿಟ್ಟಿತು. ಬೀದಿಯ ತಿರುವಿನಲ್ಲೇ ಇಳಿದೆ. ಕಾರಿನ ಕಡೆ ನೆರೆಯವರು ನೋಡಿದ ನೋಟ ನನಗೆ ಹಿಡಿಸಲಿಲ್ಲ.

ಜನವರಿ 9

ಅನೀಸ್ ಮೆರವಣಿಗೆಗೆ ಹೋಗಿದ್ದ. ಬಲಗೈ ಮುರಿದುಕೊಂಡು ಬಂದಿದ್ದಾನೆ, ಪೊಲೀಸ್ ಲಾಠಿ. ಆರು ವಾರ ವ್ಯಾನು ಓಡಿಸುವಂತಿಲ್ಲ.

"ನೀನ್ಯಾಕೋ ಹೋದೆ?" ಎಂದೆ.

"ಸಂಬಳದ ಇನ್ನರ್ಧ ಕೇಳೋಕೆ ಹೋಗಿದ್ದೆ. ಅಪ್ಪ ಹೇಳ್ತಿದ್ದನಲ್ಲ. ಕೊಟ್ರು ನೋಡು, ಕೈಗೇ ಕೊಟ್ರು."

"ಅದು ಹಳೇ ಕಾಲದ ಮಾತು. ಈಗ ನೆರವು ಗುರಿ ಇಟ್ಟು ಕೊಡ್ತಾರೆ. ಅರ್ಹ ಕುಟುಂಬಗಳು ಅರ್ಜಿ ಹಾಕಿದ್ರೆ..."

ಅಮ್ಮ ಅವನ ಬಾಯಿಗೆ ಸಾರು ಕುಡಿಸುತ್ತಿದ್ದಳು. ಚಮಚ ಕೆಳಗಿಟ್ಟಳು. "ನಾನು ಹುಡುಗಿಯಾಗಿದ್ದಾಗ ಒಂದು ಜನವರಿಲಿ ಹೀಗೇ ಬೆಲೆ ಏರಿಸಿದ್ರು. ಮೊದ್ಲು ಗುಂಡು ಹಾರಿಸಿದ್ರು, ಆಮೇಲೆ ಬೆಲೆ ಇಳಿಸಿದ್ರು. ಸತ್ತೋರು ಮಾತ್ರ ಎದ್ದು ಬರಲಿಲ್ಲ. ನಂಗೆ ಬೆಲೆಯ ಲೆಕ್ಕ ಗೊತ್ತಿಲ್ಲ ಮಗಳೇ. ಒಂದೇ ಒಂದು ಕೇಳ್ತೀನಿ. ನಾನು ರೊಟ್ಟಿ ಜೊತೆ ಆಡ್ತಿದ್ದ ಮಾತು ಅದು. ನಿಂಗೆ ಕೊಟ್ಟಿರಲಿಲ್ಲ. ನೀನು ಯಾಕೆ ತಗೊಂಡೆ?"

"ಅದರಲ್ಲಿ ನಿನ್ನ ಹೆಸರೇ ಇಲ್ಲ, ಅಮ್ಮ. ಸಾವಿರ ತಾಯಂದಿರು ಹಾಗೇ ಅಂತಾರೆ."

"ಯಾವ ತಾಯಿ ಅಂತಾಳೆ? ಒಬ್ಬಳನ್ನ ಕರ್ಕೊಂಡು ಬಾ."

ಭಾವುಕತೆಯಿಂದ ವಾದ ಮಾಡುವವರ ಜೊತೆ ಮಾತಾಡಿ ಉಪಯೋಗವಿಲ್ಲ. ಎದ್ದು ಒಳಗೆ ಬಂದೆ. ನಮ್ಮಲ್ಲಿನ ಬಳಕೆದಾರರ ನಡವಳಿಕೆ ಬದಲಾಗದಿರುವುದಕ್ಕೆ ಇದೇ ಮೂಲ ಕಾರಣ. ಇವರಿಗೆ ಬದಲಾವಣೆ ಎಂದರೆ ಅವಮಾನ. ಅನೀಸನ ಕೈಗೆ ನಾನು ಬರೆದ ವಾಕ್ಯ ಕಾರಣವೇ? ಅಮ್ಮ ಹಾಗೆ ಹೇಳಲಿಲ್ಲ, ಆದರೆ ಅವಳು ಹೇಳದೆ ಬಿಟ್ಟ ರೀತಿ ನನಗೆ ಗೊತ್ತು. ಅನ್ಯಾಯ ಇದು.

ಜನವರಿ 17

ಬೆಲೆ ಹಿಂದಕ್ಕೆ ತೆಗೆದುಕೊಂಡರು. ಸೀ ಶಾಕಿರ್ ಅವರನ್ನು ಸಂಪುಟದಿಂದ ಕೈಬಿಟ್ಟರು. ಅವರಿಗೂ ರೇಡಿಯೋ ಕೇಳಿಯೇ ಗೊತ್ತಾದದ್ದಂತೆ.

ಬೀದಿಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಮದುವೆಮನೆಯವರಂತೆ ಕೂಗು ಹಾಕಿದರು. ಸುಆದ್ ಅತ್ತೆ ಕೈಗೆ ಸಿಕ್ಕವರಿಗೆಲ್ಲ ಖರ್ಜೂರ ಹಂಚಿದಳು. ಒಬ್ಬ ವಿದ್ವಾಂಸನ ಬಾಳಿನ ಕೆಲಸ ಮಣ್ಣಾದ ದಿನ ಇವರಿಗೆ ಹಬ್ಬ.

ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಮಾದಾಮ್ ನಜ್ವಾ ಎಲ್ಲೂ ಕಾಣಲಿಲ್ಲ. ಹೊಸ ಸಚಿವರನ್ನು ಎದುರುಗೊಳ್ಳಲು ವಿಮಾನ ನಿಲ್ದಾಣಕ್ಕೆ ಹೋಗಿದ್ದಾರೆಂದು ಕಾವಲಿನವನು ಹೇಳಿದ.

"ಮತ್ತೆ ಬ್ಯಾಂಕಿಗೆ ಹೋಗ್ತೀನಿ" ಎಂದರು ಸೀ ಶಾಕಿರ್. "ಅಲ್ಲಿ ನನ್ನ ಕುರ್ಚಿ ಹಾಗೇ ಇಟ್ಟಿದ್ದಾರೆ. ಬೇರೆ ಯಾವ್ದೋ ದೇಶದ ರೊಟ್ಟಿ ಬಗ್ಗೆ ಬರೀತೀನಿ."

ಜನ ಕೃತಘ್ನರು ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಉಲ್ಫಾ, ನಿಮ್ಮ ತಂದೆ ಕೇಳಿದ್ದು ನನ್ನ ಒಳ್ಳೆ ಭಾಷಣ. ನೀವು ಬರೆದುಕೊಟ್ಟದ್ದು ಚಂದದ ಭಾಷಣ." ಪೆಟ್ಟಿಗೆಗೆ ಅಂಟು ಪಟ್ಟಿ ಸುತ್ತುತ್ತಾ ಕೇಳಿದರು, "ಆ ತಾಯಿ ಹೇಗಿದ್ದಾಳೆ? ಆ ನಿಮಗೆ ಗೊತ್ತಿರೋ ತಾಯಿ?"

"ಚೆನ್ನಾಗಿದ್ದಾಳೆ" ಎಂದೆ.

"ನನ್ನ ಪರವಾಗಿ ಒಂದು ಮಾತು ಹೇಳ್ತೀರಾ?" ಎಂದರು. ಆಮೇಲೆ, "ಬೇಡ ಬಿಡಿ" ಎಂದರು.

ಸೋತ ಮನುಷ್ಯನ ಮಾತಿಗೆ ಅರ್ಥ ಹುಡುಕಬಾರದು. ಅವರು ದಣಿದಿದ್ದರು.

ಫೆಬ್ರವರಿ 3

ಹೊಸ ಸಚಿವರೂ ಅರ್ಥಶಾಸ್ತ್ರಜ್ಞರೇ. ನನ್ನನ್ನು ಉಳಿಸಿಕೊಂಡಿದ್ದಾರೆ, ಸಂಬಳವೂ ಏರಿದೆ. ಮೊದಲ ಭಾಷಣ: "ಜನರ ರೊಟ್ಟಿಯನ್ನು ಯಾರೂ ಮುಟ್ಟುವುದಿಲ್ಲ." ಬೆಳಿಗ್ಗೆ ಆರಂಭಿಸಿ ಊಟದ ಹೊತ್ತಿಗೆ ಮುಗಿಸಿದೆ. ಇದರಲ್ಲೂ ಒಬ್ಬ ತಾಯಿ ಇದ್ದಾಳೆ.

ಕಚೇರಿಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಮನೆಯಲ್ಲಿ ಬರೆಯುವ ವಾತಾವರಣವಿಲ್ಲ. ಶುಕ್ರವಾರ ಸಾಮಾನು ಸಾಗಿಸಿದೆ. ಅನೀಸ್ ಎಡಗೈಯಲ್ಲಿ ಸೂಟ್‌ಕೇಸು ಇಳಿಸಿಕೊಟ್ಟು, "ಭಾರ ಇದೆಯಲ್ಲಕ್ಕ, ಬಾಗಿಲನ್ನೂ ತುಂಬ್ಕೊಂಡಿದೀಯಾ?" ಎಂದ. ನಗಲೆಂದು ಹೇಳಿದ್ದೋ ಚುಚ್ಚಲೆಂದು ಹೇಳಿದ್ದೋ ತಿಳಿಯಲಿಲ್ಲ.

ಮೊಳೆಯಲ್ಲಿ ಮತ್ತೆ ಚೀಲ ತೂಗುತ್ತಿತ್ತು. ಈ ಸಲ ಬಿಳಿಯದು. ಬೀದಿಯ ಉದ್ದಕ್ಕೂ ಎಲ್ಲ ಬಾಗಿಲಲ್ಲೂ ಇವೆ. ಎಷ್ಟೊಂದು ಹಾಳು ಎಂದುಕೊಂಡೆ. ಅಮ್ಮ ಒಳಗಿನಿಂದ ಬಂದು ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿಯೊಂದನ್ನು ನನ್ನ ಕೈಗಿಟ್ಟಳು. ಮಣ್ಣೊಲೆಯದು, ಅವಳೇ ಬೆಳಿಗ್ಗೆ ಸುಟ್ಟದ್ದು. ಕೊಡುವ ಮೊದಲು ತುಟಿಗೆ ಮುಟ್ಟಿಸಿದಳು. ತುಟಿ ಅಲುಗಿದ್ದು ಕಂಡಿತು, ಆದರೆ ಧ್ವನಿ ಹೊರಡಲಿಲ್ಲ. ನಾನಿದ್ದೇನೆಂದು ತಡೆದಳು. ಇಷ್ಟು ಸಣ್ಣ ವಿಷಯವನ್ನು ಎಷ್ಟು ದಿನ ಎಳೆಯುವುದು?

ಫೆಬ್ರವರಿ 7

ಇವತ್ತು ಮೆಟ್ಟಿಲ ಮೇಲೆ ಹೊಸ ಬೆರಳಚ್ಚುಗಾರ್ತಿ ಬಗ್ಗಿ ನಿಂತಿದ್ದಳು. ಕೈರವಾನ್ ಕಡೆಯ ಹುಡುಗಿ, ಸೇರಿ ಎರಡು ದಿನ. ಹೆಸರು ಇನ್ನೂ ಕೇಳಿಲ್ಲ. ಯಾರೋ ಬೀಳಿಸಿಕೊಂಡ ರೊಟ್ಟಿಯ ತುಂಡನ್ನು ಎತ್ತಿ, ಒರೆಸಿ, ಹಣೆಗೆ ಒತ್ತಿಕೊಂಡಳು. ಮೆಟ್ಟಿಲ ನಡುವೆಯೇ ನಿಂತಿದ್ದರಿಂದ ನನಗೆ ದಾರಿ ಬಿಡಲಿಲ್ಲ. ಒಂಬತ್ತಕ್ಕೆ ಸಭೆಯಿತ್ತು. ಆಮೇಲೆ ಅದನ್ನು ಕಿಟಕಿಯ ಕಟ್ಟೆಯ ಮೇಲಿಡಲು ಹೋದಳು.

"ಅಲ್ಲಿ ಇಡಬೇಡಮ್ಮ, ಇರುವೆ ಬರ್ತವೆ" ಎಂದೆ.

ಅವಳು ನನ್ನನ್ನು ದಿಟ್ಟಿಸಿದಳು. ನಾನು ಯಾರನ್ನೋ ಕೊಂದವಳಂತೆ. ಹೊಸಬರಿಗೆ ಈ ಸೊಕ್ಕು ಎಲ್ಲಿಂದ ಬರುತ್ತದೆ? ದಿನವಿಡೀ ಅದೇ ತಲೆಯಲ್ಲಿ ಕೊರೆಯಿತು. ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಇರುವೆ ನಿಜವಾಗಿಯೂ ಬರುತ್ತವೆ. ಬೆಳಿಗ್ಗೆ ತಾನೇ ನನ್ನ ಮೇಜಿನ ಡ್ರಾಯರು ತೆರೆದರೆ ತುಂಬಾ ಇದ್ದವು. ಅಮ್ಮ ಕೊಟ್ಟ ರೊಟ್ಟಿ ಬಟ್ಟೆಯೊಳಗೇ ಕಲ್ಲಾಗಿತ್ತು. ಈ ಕಟ್ಟಡದಲ್ಲಿ ಎಲ್ಲೂ ಒಂದು ಮೊಳೆಯಿಲ್ಲ.

ಅದನ್ನು ಏನು ಮಾಡಿದೆ ಎಂಬುದು ಬರೆದಿಡುವಷ್ಟು ದೊಡ್ಡ ವಿಷಯವಲ್ಲ.